ಒಂದೇ ಗೋಡೆ, ಎರಡು ವಾರ್ಡು

ಶಿಕ್ಷಣ ಇಲಾಖೆಯ ಮಾನ್ಯ ಅಧಿಕಾರಿಗಳೇ,

ನನ್ನ ಮನೆಯ ಹಿಂದಿನ ಗೋಡೆಯೂ ಒಂದು ಶಾಲೆಯ ಕಾಂಪೌಂಡ್ ಗೋಡೆಯೂ ಒಂದೇ. ನನ್ನ ಮನೆಯಲ್ಲಿ ಬಾಡಿಗೆಗಿರುವವರು ತಮ್ಮ ನಾಲ್ಕು ವರ್ಷದ ಮಗಳಿಗೆ ಆ ಶಾಲೆಯ ಎಲ್‌ಕೆಜಿಯಲ್ಲಿ ಶುಲ್ಕವಿಲ್ಲದ ಆರ್‌ಟಿಇ ಸೀಟು ಕೇಳಿ ಅರ್ಜಿ ಹಾಕಿದರು. ಶಾಲೆಯು ಮಗುವಿನ ನೆರೆಹೊರೆಯಲ್ಲಿ ಇಲ್ಲ ಎಂಬ ಕಾರಣ ನೀಡಿ ತಾವು ಅರ್ಜಿಯನ್ನು ತಿರಸ್ಕರಿಸಿದ್ದೀರಿ. ಇದಕ್ಕಿಂತ ಹತ್ತಿರ ಬರಬೇಕೆಂದರೆ ಆ ಹುಡುಗಿ ಗೋಡೆಯೊಳಗೇ ಸಂಸಾರ ಹೂಡಬೇಕಾಗುತ್ತದೆ. ಅದಕ್ಕೆ ಇಲಾಖೆಯ ಅನುಮತಿ ಉಂಟೇ ಎಂಬುದನ್ನು ಮೊದಲು ತಿಳಿಸಬೇಕಾಗಿ ಕೋರುತ್ತೇನೆ.

ನಾನು ಕೆ.ಆರ್. ಪುರಂನ ಆಚೆ, ಒಂದು ಕಾಲಕ್ಕೆ ಹಳ್ಳಿಯಾಗಿದ್ದು ಈಗ ಏನೆಂದು ಯಾರೂ ಖಚಿತವಾಗಿ ಹೇಳಲಾರದ ಜಾಗದವನು. ನಮ್ಮಪ್ಪ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಆ ಶಾಲೆಯ ಆಟದ ಮೈದಾನವಿದೆ. ಹೊಲ ಮಾರಿದ ದುಡ್ಡಿನಲ್ಲಿ ಮನೆ ಕಟ್ಟಿಕೊಂಡೆವು. ಶಾಲೆಯವರು ಬಂದು, ಹೇಗೂ ನಿಮ್ಮ ಗೋಡೆ ಇದೆ, ಆ ಕಡೆ ನಾವು ಬೇರೆ ಎಬ್ಬಿಸುವುದಿಲ್ಲ ಎಂದರು. ಆಗಲಿ ಎಂದೆ. ಮುಂದೊಂದು ದಿನ ಅದೇ ಗೋಡೆಯ ನಡುವೆ ವಾರ್ಡಿನ ಗಡಿ ಹಾದುಹೋಗುತ್ತದೆಂದು ನಮ್ಮ ಇಬ್ಬರಿಗೂ ಹೊಳೆದಿರಲಿಲ್ಲ. ಗೆರೆ ಎಳೆದವರಿಗಾದರೂ ಹೊಳೆದಿತ್ತೋ ಇಲ್ಲವೋ.

ಮೇಲಿನ ಮನೆಯಲ್ಲಿ ನಾನು, ನನ್ನ ಹೆಂಡತಿ ಆಂಜನಮ್ಮ. ಕೆಳಗಿನ ಮನೆಯಲ್ಲಿ ಮಂಜೂರ್, ಗುಲ್ಷನ್ ಮತ್ತು ಅವರ ಒಬ್ಬಳೇ ಮಗಳು ಮೆಹ್ವಿಶ್. ಮಂಜೂರ್ ಫ್ರಿಜ್ ರಿಪೇರಿ ಮಾಡುತ್ತಾನೆ, ಗುಲ್ಷನ್ ಮನೆಯಲ್ಲೇ ಬಟ್ಟೆ ಹೊಲಿಯುತ್ತಾಳೆ. ಶಿವಾಜಿನಗರದಲ್ಲಿ ಬಾಡಿಗೆ ಹೆಚ್ಚಾಯಿತೆಂದು ಈ ಕಡೆ ಬಂದವರು. ಮೆಹ್ವಿಶ್ ಹುಟ್ಟಿದ್ದು ನಮ್ಮ ಮನೆಗೆ ಬಂದ ಮೇಲೆ. ಅವಳಿಗೆ ನಾನು ತಾತ, ಆಂಜನಮ್ಮ ಅವ್ವ. ಬೆಳಿಗ್ಗೆ ನನ್ನ ಜೊತೆ ಮಹಡಿ ಹತ್ತಿ, ಶಾಲೆಯ ಮಕ್ಕಳು ಪ್ರಾರ್ಥನೆಗೆ ನಿಂತಾಗ ತಾನೂ ಕೈಮುಗಿದು ನಿಲ್ಲುತ್ತಿದ್ದಳು. ಕೆಳಗೆ ಸಾಲು ಕೆಟ್ಟರೆ, ಸಾವ್‌ಧಾನ್ ಎಂದು ಮೇಲಿನಿಂದ ಕೂಗುತ್ತಿದ್ದಳು. ಶಾಲೆಯ ದೈಹಿಕ ಶಿಕ್ಷಕರು ಒಮ್ಮೆ ತಲೆಯೆತ್ತಿ ನೋಡಿ, ಮುಂದಿನ ವರ್ಷ ಬಾ ಮಾರಾಯ್ತಿ, ನಿನಗೇ ಬಿಟ್ಟುಕೊಡ್ತೀನಿ ಎಂದರು. ಅವಳು ಅದನ್ನು ಅಡ್ಮಿಷನ್ ಎಂದೇ ತಿಳಿದಳು. ನಿಮ್ಮ ಕಾರ್ಯವಿಧಾನದ ಪರಿಚಯ ಅವಳಿಗಿರಲಿಲ್ಲ.

ಅಂಗನವಾಡಿಯ ಟೀಚರೇ ಹೇಳಿದರೆಂದು ಗುಲ್ಷನ್ ಅರ್ಜಿ ಹಾಕಿಸಿದಳು. ಆದಾಯದ ಪ್ರಮಾಣಪತ್ರ, ಜನ್ಮ ದಾಖಲೆ, ನನ್ನೊಂದಿಗಿನ ಬಾಡಿಗೆ ಕರಾರು ಎಲ್ಲವೂ ಸರಿಯಿದ್ದವು. ಮಂಜೂರ್‌ನ ಮೊಬೈಲಿಗೆ ತಿರಸ್ಕಾರದ ಸಂದೇಶ ಬಂದ ದಿನ ನಾನೇ ಅವನನ್ನು ಕರೆದುಕೊಂಡು ನಿಮ್ಮ ಕಚೇರಿಗೆ ಬಂದೆ. ತಾವು ಸಭೆಯಲ್ಲಿದ್ದಿರಿ. ಮಧ್ಯಾಹ್ನದ ಮೇಲೂ ಸಭೆಯಲ್ಲಿದ್ದಿರಿ. ಕಂಪ್ಯೂಟರ್ ಮುಂದೆ ಕುಳಿತಿದ್ದ ಹೆಣ್ಣುಮಗಳು ಮಾತ್ರ ತಾಳ್ಮೆಯಿಂದ ನಮ್ಮ ಮಾತು ಕೇಳಿಸಿಕೊಂಡಳು.

"ಯಜಮಾನ್ರೇ, ನಿಮ್ ಮನೆ ಒಂದು ವಾರ್ಡು, ಸ್ಕೂಲು ಪಕ್ಕದ ವಾರ್ಡು. ಹೋದ್ಸಲ ಒಂದೇ ಇತ್ತು. ಈಗ ಬೇರೆ ಆಗೋಗಿದೆ. ಸಿಸ್ಟಮ್ ತಗೊಳಲ್ಲ."

"ಗೋಡೆ ಒಂದೇ ಕಣಮ್ಮ," ಎಂದೆ.

"ಗೋಡೆ ಇದ್ರಲ್ಲಿ ಬರಲ್ಲ."

"ಹಂಗಾದ್ರೆ ನಮ್ ವಾರ್ಡಲ್ಲಿ ಯಾವ್ ಸ್ಕೂಲ್ ಬರುತ್ತೆ ಮೇಡಂ?" ಎಂದು ಮಂಜೂರ್ ಕೇಳಿದ.

ಅವಳು ಹುಡುಕಿ ಒಂದು ಹೆಸರು ಹೇಳಿದಳು. ಅದು ಹೆದ್ದಾರಿ ದಾಟಿ, ರೈಲು ಹಳಿ ದಾಟಿ, ಆಮೇಲೆ ಕೇಳಿಕೊಂಡು ಹೋಗಬೇಕಾದ ಜಾಗ. ನಾವು ಅಲ್ಲಿಗೂ ಹೋದೆವು. ಅಲ್ಲಿನ ಮುಖ್ಯೋಪಾಧ್ಯಾಯರು ಕುರ್ಚಿ ಹಾಕಿ ಕೂರಿಸಿ, ತಮ್ಮಲ್ಲಿ ಎಲ್‌ಕೆಜಿಯೇ ಇಲ್ಲವೆಂದೂ ಒಂದನೇ ತರಗತಿಗೆ ಬಂದರೆ ಸಂತೋಷದಿಂದ ಸೇರಿಸಿಕೊಳ್ಳುವುದಾಗಿಯೂ ಹೇಳಿದರು. ಅಂದರೆ ಮಾನ್ಯರೇ, ತಮ್ಮ ಲೆಕ್ಕದಲ್ಲಿ ಇಲ್ಲದಿರುವ ತರಗತಿ ನಮಗೆ ಹತ್ತಿರ, ಇರುವ ತರಗತಿ ದೂರ. ಇಂಥ ಭೂಗೋಳವನ್ನು ಯಾವ ಪಠ್ಯಪುಸ್ತಕದಲ್ಲಿ ಅಳವಡಿಸಿದ್ದೀರಿ?

ನಾನು ಮೇಲ್ಮನವಿ ಕೊಟ್ಟೆ. ತಾವು ಸ್ಥಳ ಪರಿಶೀಲನೆಗೆ ಒಬ್ಬರನ್ನು ಕಳುಹಿಸಿದಿರಿ, ಅದಕ್ಕೆ ಧನ್ಯವಾದ. ಬಂದವರು ಸಭ್ಯಸ್ಥರು. ಮಹಡಿ ಹತ್ತಿ ಬಗ್ಗಿ ನೋಡಿದರು. ಗೋಡೆಯನ್ನು ಕೈಯಿಂದ ತಟ್ಟಿಯೂ ನೋಡಿದರು. ಆಂಜನಮ್ಮ ಮಜ್ಜಿಗೆ ಕೊಟ್ಟಳು. ಮೆಹ್ವಿಶ್ ಅವರನ್ನೇ ಮೇಷ್ಟ್ರೆಂದುಕೊಂಡು, ಕೇಳುವ ಮೊದಲೇ ಒಂದರಿಂದ ಇಪ್ಪತ್ತರವರೆಗೆ ಎಣಿಸಿ ತೋರಿಸಿದಳು. ಹದಿಮೂರು ಬಿಟ್ಟುಹೋಯಿತು.

"ನೀವ್ ಹೇಳಿದ್ದು ನಿಜಾನೇ ರೀ," ಎಂದರು ಅವರು. "ಆದ್ರೆ ಈ ಆ್ಯಪಲ್ಲಿ ಎರಡೇ ಇರೋದು. ಮನೆ ಇದೆ, ಮನೆ ಇಲ್ಲ. ಗೋಡೆ ವಿಷ್ಯ ಬರಿಯೋಕೆ ಜಾಗಾನೇ ಇಲ್ಲ."

ಮನೆ ಇದೆ ಎಂದು ಒತ್ತಿ ಹೋದರು. ನನ್ನ ಮನೆ ಇರುವುದು ಹೀಗೆ ಸರ್ಕಾರದಿಂದ ದೃಢಪಟ್ಟಿತು. ಮುಂದಿನ ವಾರ ಮೇಲ್ಮನವಿಯೂ ವಜಾ ಆಯಿತು.

ಶುಲ್ಕ ಕೊಟ್ಟು ಸೇರಿಸಬಹುದಿತ್ತಲ್ಲ ಎಂದು ತಾವು ಕೇಳಬಹುದು. ನಾನೇ ಕಟ್ಟುತ್ತೇನೆಂದು ಮಂಜೂರ್‌ಗೆ ಹೇಳಿದೆ. ಅವನು ಒರೆಸುತ್ತಿದ್ದ ಸ್ಪ್ಯಾನರ್ ಕೆಳಗಿಟ್ಟ.

"ಅಣ್ಣಾ, ಈ ವರ್ಷ ನೀವ್ ಕಟ್ತೀರ. ಎಂಟನೇ ಕ್ಲಾಸ್ ತನಕ ಯಾರ್ ಕಟ್ತಾರೆ? ಮಧ್ಯದಲ್ಲಿ ತೆಗೆದ್ರೆ ಮಗೂಗೆ ಏನಂತ ಹೇಳ್ಲಿ?"

ನನಗೆ ಎಪ್ಪತ್ತು ದಾಟಿದೆ. ಅವನ ಪ್ರಶ್ನೆಯಲ್ಲಿ ಅದೂ ಸೇರಿತ್ತು. ಮರ್ಯಾದಸ್ಥ, ಬಾಯಿಬಿಟ್ಟು ಹೇಳಲಿಲ್ಲ.

ಅಷ್ಟರಲ್ಲಿ ಗುಲ್ಷನ್‌ಳ ತಾಯಿ ಬುಷ್ರಾ ಶಿವಾಜಿನಗರದಿಂದ ಬಂದರು. ಅವರ ಮನೆಯ ಬೀದಿಯಲ್ಲೇ ಟ್ರಸ್ಟಿನವರು ನಡೆಸುವ ಸಣ್ಣ ಶಾಲೆಯೊಂದಿದೆ. ಸುತ್ತಲಿನ ಬೀದಿಗಳಲ್ಲಿ ವಾಸವಿರುವ ಬಡವರ ಮಕ್ಕಳಿಗೆ ಶುಲ್ಕವಿಲ್ಲ. ವಾಸ ಮಾತ್ರ ಅಲ್ಲೇ ಇರಬೇಕು.

"ಮಗು ನನ್ ಹತ್ರ ಇರ್ಲಿ," ಎಂದರು ಬುಷ್ರಾ. "ಶನಿವಾರ ಕರ್ಕೊಂಡ್ ಬರ್ತೀನಿ. ಸ್ಕೂಲು ಮನೆ ಪಕ್ಕದಲ್ಲೇ ಇದೆ."

"ಇಲ್ಲೂ ಪಕ್ಕದಲ್ಲೇ ಐತಲ್ಲಮ್ಮ," ಎಂದಳು ಆಂಜನಮ್ಮ.

ಗುಲ್ಷನ್ ತನ್ನ ತಾಯಿಗೆ ಮೆಲ್ಲಗೆ, "ಅಮ್ಮಾ, ಅವಳು ರಾತ್ರಿ ನನ್ ಕೈ ಹಿಡ್ಕೊಂಡೇ ಮಲಗೋದು," ಎಂದಳು. ಆಮೇಲೆ ಎದ್ದುಹೋಗಿ ಮಗುವಿನ ಬಟ್ಟೆ ಮಡಚತೊಡಗಿದಳು. ಒಂದನೇ ತರಗತಿಯ ವಯಸ್ಸು ಬರುವವರೆಗೆ ಕಲಿಯದೆ ಎರಡು ವರ್ಷ ಮನೆಯಲ್ಲಿರುವುದು, ತಾಯಿಯಿಲ್ಲದೆ ಕಲಿಯುವುದು, ಇವೆರಡರಲ್ಲಿ ಒಂದನ್ನು ಅವಳು ಆರಿಸಬೇಕಾಗಿತ್ತು. ಅದನ್ನೂ ಒಂದು ಆ್ಯಪಿನಲ್ಲಿ ಕೇಳಬಹುದಿತ್ತು, ಎರಡೇ ಆಯ್ಕೆಗಳಿದ್ದವು.

ಜೂನ್ ಮೊದಲ ವಾರ ಮೆಹ್ವಿಶ್ ಹೊರಟಳು. ಹೊಸ ಚೀಲ, ಹೊಸ ಬೂಟು. ನಾನು ಬಸ್‌ ಸ್ಟಾಪಿನವರೆಗೆ ಹೋಗಿದ್ದೆ. ದಾರಿಯಲ್ಲಿ ನಮ್ಮ ಮನೆಯ ಹಿಂದಿನ ಶಾಲೆಯ ಗೇಟು ಬಂದಾಗ ಅವಳು ತನ್ನ ಶಾಲೆ ಅದೇ ಎಂದುಕೊಂಡು ಅತ್ತ ತಿರುಗಿದಳು. ಮಂಜೂರ್ ಅವಳ ಕೈ ಹಿಡಿದು ಮುಂದಕ್ಕೆ ನಡೆಸಿದ.

"ತಾತ, ಸ್ಕೂಲ್ ಇಲ್ಲಲ್ವಾ?"

"ನಿಂದು ಬೇರೆ ಐತೆ ಕಂದ, ನಿಮ್ಮ ಬುಷ್ರಾ ನಾನಿ ಮನೆ ಹತ್ರ."

"ಇದು ಯಾರ್ದು?"

ಸಂಬಂಧಪಟ್ಟ ಅಧಿಕಾರಿಗಳಾದ ತಮಗೆ ಆ ಪ್ರಶ್ನೆಯನ್ನು ಈ ಮೂಲಕ ವರ್ಗಾಯಿಸುತ್ತಿದ್ದೇನೆ.

ಎರಡು ತಿಂಗಳು ಹೀಗೇ ಕಳೆಯಿತು. ಶನಿವಾರ ಬರುವುದು, ಸೋಮವಾರ ಮುಂಜಾನೆ ಅಳುತ್ತಾ ಹೋಗುವುದು. ಮೂರನೆಯ ತಿಂಗಳು ಅವಳು ಅಳುವುದನ್ನು ನಿಲ್ಲಿಸಿದಳು. ಗುಲ್ಷನ್ ಹೆಚ್ಚು ಹೆದರಿದ್ದು ಆಗಲೇ. ಕಳೆದ ಭಾನುವಾರ ಮಂಜೂರ್ ಮೇಲೆ ಬಂದು ಬಾಗಿಲಲ್ಲೇ ನಿಂತ.

"ಅಣ್ಣಾ, ಮನೆ ಖಾಲಿ ಮಾಡ್ತೀವಿ. ಅತ್ತೆ ಮನೆ ಹತ್ರ ಒಂದ್ ರೂಮ್ ಸಿಕ್ಕಿದೆ. ಬೆಳಕಿಲ್ಲ, ಆದ್ರೂ ಮೂವರೂ ಒಟ್ಟಿಗೆ ಇರ್ಬೋದು. ಬೇಜಾರ್ ಮಾಡ್ಕೋಬೇಡಿ."

ನನಗೆ ಬೇಜಾರಾದದ್ದು ಅವನ ಮೇಲಲ್ಲ. ನಾನು ಅವನನ್ನು ಬಾಡಿಗೆಗೆ ಇಟ್ಟುಕೊಂಡವನು, ಬಿಡಿಸಿದವರು ತಾವು. ಮನೆ ಮಾಲೀಕನಾಗಿ ನನಗಿಲ್ಲದ ಅಧಿಕಾರ ಒಂದು ನಕ್ಷೆಗೆ ಇರುವುದನ್ನು ಇದೇ ಮೊದಲು ಕಂಡೆ.

ಮಾನ್ಯರೇ, ನೆರೆಹೊರೆಯ ಶಾಲೆ ಎಂದು ಕಾನೂನು ಬರೆದವರ ಮನಸ್ಸಿನಲ್ಲಿ ಮಗು ಕಾಲ್ನಡಿಗೆಯಲ್ಲಿ ಶಾಲೆಗೆ ಹೋಗಿ ಸಂಜೆ ತಾಯಿಯ ಬಳಿಗೆ ಮರಳುವ ಚಿತ್ರವಿದ್ದಿರಬೇಕು. ಆ ಚಿತ್ರವನ್ನು ಗಣಕಯಂತ್ರಕ್ಕೆ ಯಾರೂ ತೋರಿಸಿಲ್ಲ. ವಾರ್ಡುಗಳನ್ನು ಹಂಚುವವರು ಮತ್ತೆ ಹಂಚಲಿ, ಅದು ಅವರ ಹಬ್ಬ. ಗೆರೆಯ ಆಚೀಚೆ ಇರುವ ಮಕ್ಕಳಿಗೆ ನಡೆದು ಹೋಗುವ ದೂರವನ್ನೇ ಅಳತೆಯಾಗಿ ಪರಿಗಣಿಸಿ ಎಂಬುದು ನನ್ನ ಬೇಡಿಕೆ. ಹತ್ತಿರದ ಶಾಲೆಯಲ್ಲಿ ಆ ಸೀಟು ಈಗಲೂ ಖಾಲಿಯಿದೆ ಎಂದು ಶಾಲೆಯವರೇ ಹೇಳಿದ್ದಾರೆ. ಈ ತಿಂಗಳ ಕೊನೆಗೆ ಗಾಡಿ ಬಂದು ಅವರ ಸಾಮಾನು ತುಂಬುತ್ತದೆ. ಅಷ್ಟರೊಳಗೆ ತಮ್ಮ ಆದೇಶ ಬಂದರೆ ಗಾಡಿಯವನಿಗೆ ಕೊಟ್ಟ ಮುಂಗಡ ಹೋದರೂ ಚಿಂತೆಯಿಲ್ಲ.

ಬೀದಿಯ ಬ್ರೋಕರ್ ಆಗಲೇ ಎರಡು ಸಲ ಬಂದುಹೋದ. ಟು‑ಲೆಟ್ ಬೋರ್ಡ್ ಬರೆಸಿ ತಂದಿದ್ದೇನೆ. ಆಂಜನಮ್ಮ ಅದನ್ನು ಕಿತ್ತುಕೊಂಡು ಎಲ್ಲೋ ಬಚ್ಚಿಟ್ಟಿದ್ದಾಳೆ, ಎಲ್ಲಿ ಎಂದು ಕೇಳಿದರೆ ಹೇಳುವುದಿಲ್ಲ.

ಇಂತಿ,
ಮನೆ ಇದೆ ಎಂದು ಮಾತ್ರ ಸರ್ಕಾರದಿಂದ ದೃಢೀಕೃತನಾದ,
ಮುನಿವೆಂಕಟಪ್ಪ