ನಾಳೆಯ ಸಹಿ

ಮಾರ್ಚ್ 1, ಬೆಳಿಗ್ಗೆ 8.30

ಮತ್ತೆ ಕೆಂಪು ಚೀಲದಲ್ಲಿ ಸೂಜಿ. ಈ ವಾರ ಮೂರನೇ ಸಲ. ಸೂಜಿ ಬಿಳಿ ಡಬ್ಬಕ್ಕೆ, ಪ್ಲಾಸ್ಟಿಕ್ ಕೆಂಪು ಚೀಲಕ್ಕೆ, ರಕ್ತದ ಬಟ್ಟೆ ಹಳದಿಗೆ — ಕಾನೂನು ಹೇಳುತ್ತದೆ, ಗೋಡೆಯ ಮೇಲೂ ಆನೆ ಗಾತ್ರದ ಅಕ್ಷರದಲ್ಲಿ ಬರೆದಿದೆ. ಬಿರುಗಾಳಿ ಡಾಕ್ಟರಿಗೆ ಓದಲು ಪುರುಸೊತ್ತೆಲ್ಲಿ? ಆಪರೇಷನ್ ಮುಗಿಸಿ, ಕೈಗೆ ಸಿಕ್ಕ ಚೀಲಕ್ಕೆ ಎಸೆದು ಹೊರಟೇಬಿಡುತ್ತಾರೆ. ಕೇಳಿದರೆ, "ಕಸದ ಸೂಪರ್‌ವೈಸರ್ ನೀವು ತಾನೇ? ನೋಡ್ಕೊಳಿ." ಆಹಾ! ಏನು ಮಾತು.

ಅಪಘಾತದ ರಿಜಿಸ್ಟರ್ ಬರೆದೆ. ದಿನಕ್ಕೊಂದು ಸಾಲು: ಯಾರಿಗಾದರೂ ಸೂಜಿ ಚುಚ್ಚಿತೇ? ಎಂದಿನಂತೆ ಮೂವತ್ತೊಂದನೇ ತಾರೀಕಿನವರೆಗೂ ಈಗಲೇ "ಇಲ್ಲ", ಈಗಲೇ ಸಹಿ. ಹತ್ತು ನಿಮಿಷದ ಕೆಲಸ. ತಿಂಗಳಿಡೀ ತಲೆನೋವಿಲ್ಲ.

ಮಾರ್ಚ್ 5

ತಂಗಿ ದಪ್ಪ ಗ್ಲೌಸ್ ಕೇಳಿದಳು. ಇಲ್ಲಿ ಕಸ ವಿಂಗಡಿಸೋ ಕೆಲಸಕ್ಕೆ ಸೇರಿಸಿದ್ದೇ ನಾನು, ಸಲಿಗೆ ಜಾಸ್ತಿ. "ಬೀರುವಿನಲ್ಲಿಟ್ಟು ಉಪ್ಪಿನಕಾಯಿ ಹಾಕ್ತೀಯೇನಕ್ಕಾ?" ಇನ್‌ಸ್ಪೆಕ್ಷನ್ ದಿನ ಮಾತ್ರ ತೆಗೀಬೇಕು ಅಂತ ಮ್ಯಾನೇಜರ್ ಆರ್ಡರ್. ಹಾಗೇ ಹೇಳಿದೆ. ಮುಖ ಊದಿಸಿಕೊಂಡು ತೆಳು ಗ್ಲೌಸನ್ನೇ ಹಾಕಿಕೊಂಡಳು.

ಮಾರ್ಚ್ 14, ಮಧ್ಯಾಹ್ನ

ಪೆನ್ನು ಒತ್ತಿ ಹಾಳೆ ಹರಿಯಿತು. ಸಿಟ್ಟಿಗೆ.

ಬೆಳಿಗ್ಗೆ 9.20ಕ್ಕೆ ತಂಗಿಗೆ ಸೂಜಿ ಚುಚ್ಚಿತು. ಎಡಗೈ ಹೆಬ್ಬೆರಳು, ಆಳಕ್ಕೆ. ಕೆಂಪು ಚೀಲ. ಬಿರುಗಾಳಿ ಎಸೆದದ್ದೇ. ಯಾವ ರೋಗಿಯದೋ, ಯಾವ ರೋಗವೋ... ದೇವರೇ ಬಲ್ಲ. ಎಚ್‌ಐವಿ ತಡೆಯೋ ಮಾತ್ರೆ ಮೂರು ದಿನದೊಳಗೆ ಶುರುವಾಗಲೇಬೇಕು. ಔಷಧಿ ಕೌಂಟರಿನವನು ರಿಜಿಸ್ಟರಿನಲ್ಲಿ ಬರೆದ ಅಪಘಾತದ ನಂಬರ್ ಕೇಳಿದ. ಓಡಿದೆ. ಮ್ಯಾನೇಜರ್ ರಿಜಿಸ್ಟರ್ ತೆಗೆದು ಬೆರಳಿಟ್ಟು ತೋರಿಸಿದರು. ಹದಿನಾಲ್ಕು — ಇಲ್ಲ. ಪಕ್ಕದಲ್ಲಿ ನನ್ನ ಸಹಿ.

"ನೀವೇ ಇಲ್ಲ ಅಂದಿದ್ದೀರಲ್ಲಮ್ಮ."

"ಹೊಡೆದುಹಾಕಿ ಬರೀತೀನಿ ಸರ್."

"ಹದಿನಾರಕ್ಕೆ ಇನ್‌ಸ್ಪೆಕ್ಷನ್. ಲೈಸೆನ್ಸ್ ರಿನ್ಯೂ ಆಗೋವರೆಗೂ ಒಂದು ಗೀಟೂ ಬೇಡ. ಸುಳ್ಳು ಬರೆದೋರು ನೀವು. ಮೊದಲು ಕೆಲಸ ಹೋಗೋದು ನಿಮ್ಮದೇ."

ರಿಜಿಸ್ಟರ್ ಅವರ ಡ್ರಾಯರ್ ಸೇರಿತು. ಬೀಗ ಬೇರೆ.

ಮಾರ್ಚ್ 15

ಇನ್ನೊಂದು ಆಸ್ಪತ್ರೆಗೆ ಕರೆದುಕೊಂಡು ಹೋದೆ. "ನಿಮ್ಮ ಆಸ್ಪತ್ರೆಯಿಂದ ಬರೆಸ್ಕೊಂಡು ಬನ್ನಿ." ವಾಪಸ್ಸು ಬಂದರೆ ಕಾರಿಡಾರಿನಲ್ಲಿ ಬಿರುಗಾಳಿ. "ಸೋಪ್ ಹಾಕಿ ತೊಳೆದ್ರಲ್ಲಾ? ಏನೂ ಆಗಲ್ಲ ಬಿಡಿ." ನಿಮ್ಮ ಮಗಳಿಗೆ ಚುಚ್ಚಿದ್ರೂ ಹೀಗೇ ಅಂತಿದ್ರಾ — ಕೇಳಿಯೇಬಿಟ್ಟೆ. ಮುಖ ಹುಳ್ಳಗೆ ಮಾಡಿಕೊಂಡು ಹೋದರು.

ತಂಗಿ ತನ್ನ ತಟ್ಟೆ, ಲೋಟ ಬೇರೆ ಇಟ್ಟುಕೊಂಡಿದ್ದಾಳೆ. ತನ್ನ ಮಗುವನ್ನೂ ಎತ್ತಿಕೊಳ್ಳುತ್ತಿಲ್ಲ. "ನಿನ್ನ ಕೆಲಸ ಹೋಗೋದು ಬೇಡ ಅಕ್ಕಾ" ಅಂದಳು. ಬೈದಿದ್ದರೆ ಚೆನ್ನಾಗಿತ್ತು.

ಮಾರ್ಚ್ 16, ಮಧ್ಯಾಹ್ನ 1.10

ಬೆಳಿಗ್ಗೆ ದಪ್ಪ ಗ್ಲೌಸ್ ಹೊರಗೆ ಬಂದವು. ಕೋಟೆ ಕೊಳ್ಳೆ ಹೋದಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ! ತಂಗಿಯೂ ಬ್ಯಾಂಡೇಜಿನ ಮೇಲೆ ಹಾಕಿಕೊಂಡು ಸಾಲಿನಲ್ಲಿ ನಿಂತಳು.

ಇನ್‌ಸ್ಪೆಕ್ಟರ್ ಚೀಲಗಳ ಬಣ್ಣ ನೋಡಿದರು, ಕಾಫಿ ಕುಡಿದರು, ರಿಜಿಸ್ಟರ್ ತೆರೆದರು. ಹದಿನೈದಕ್ಕೆ ಎಡಪುಟ ಮುಗಿಯುತ್ತದೆ. ಬಲಪುಟದ ಮೇಲೆ ಮ್ಯಾನೇಜರ್ ಫೈಲ್ ಇಟ್ಟಿದ್ದರು. "ವೆರಿ ನೀಟ್" ಎಂದು ಇನ್‌ಸ್ಪೆಕ್ಟರ್ ಪೆನ್ ತೆಗೆದರು. ಮ್ಯಾನೇಜರ್ ಹಲ್ಲು ಕಿರಿದರು. ನನಗೆ ಪಿತ್ತ ನೆತ್ತಿಗೇರಿತು.

"ಸರ್, ಆ ಫೈಲ್ ತೆಗೆದು ನಾಳೇದೂ ನೋಡಿ."

ನೋಡಿದರು. ನಾಳೆ ಇಲ್ಲ. ನಾಡಿದ್ದು ಇಲ್ಲ. ತಿಂಗಳ ಕೊನೆಯವರೆಗೂ ಇಲ್ಲ, ಇಲ್ಲ, ಇಲ್ಲ.

"ಯಾರ ಸಹಿ ಇದು?"

"ನಂದೇ ಸರ್. ಎಲ್ಲಾ ಸುಳ್ಳು. ಹದಿನಾಲ್ಕನೇ ತಾರೀಕು ಅಗೋ ಅಲ್ಲಿ ನಿಂತಿದೆ, ಗ್ಲೌಸ್ ಬಿಚ್ಚಿಸಿ ನೋಡಿ."

"ಈಯಮ್ಮನಿಗೆ ತಲೆ ಸರಿಯಿಲ್ಲ ಸರ್" ಅಂದರು ಮ್ಯಾನೇಜರ್. ಅಷ್ಟರಲ್ಲಿ ತಂಗಿ ತಾನೇ ಗ್ಲೌಸ್ ಬಿಚ್ಚಿದ್ದಳು.

ಇನ್‌ಸ್ಪೆಕ್ಟರ್ ಪೆನ್ನನ್ನು ನನ್ನ ಕಡೆ ನೂಕಿದರು. "ಬರೀರಿ."

"ಇಲ್ಲ" ಹೊಡೆದುಹಾಕಿದೆ. ವೇಳೆ, ಗಾಯ ಬರೆದೆ. ನಂಬರ್ ಬಿತ್ತು. ತಂಗಿ ಮೊದಲ ಮಾತ್ರೆ ನುಂಗಿದ್ದನ್ನು ಕಣ್ಣಾರೆ ನೋಡಿ ಬಂದೆ.

ಮಾರ್ಚ್ 16, ಸಂಜೆ 5

ಒಂದು ಕಾಲಂ ಬಾಕಿ — "ಅಪಘಾತಕ್ಕೆ ಕಾರಣ". ನಾಳೆ ಬೆಳಿಗ್ಗೆಯೊಳಗೆ ತುಂಬಬೇಕಂತೆ. ಮೊದಲು ಇಲ್ಲಿ ಬರೆದು ನೋಡೋಣ ಅಂತ ಕೂತೆ.

ಡಾಕ್ಟರು ಸೂಜಿಯನ್ನು ಕೆಂಪು ಚೀಲಕ್ಕೆ ಎಸೆದದ್ದು. ನಿಜ. ಗ್ಲೌಸ್ ಕೊಡಬೇಡಿ ಅಂತ ಮ್ಯಾನೇಜರ್ ಹೇಳಿದ್ದು. ಅದೂ ನಿಜ. ಇಬ್ಬರನ್ನೂ ಬಿಡುವುದಿಲ್ಲ. ಆದರೂ ಸಿಟ್ಟು ಇಳಿಯುತ್ತಿಲ್ಲ. ಬೀರುವಿನ ಬೀಗದ ಕೈ ಇನ್ನೂ ನನ್ನ ಸೊಂಟದಲ್ಲೇ ಇದೆ.

ಮೂರು: ಕೇಳಿದರೂ ಗ್ಲೌಸ್ ಕೊಡದೆ ಬೀಗ ಹಾಕಿಟ್ಟವಳು, ಗಾಯಾಳುವಿನ ಸ್ವಂತ ಅಕ್ಕ.