ಬಿಚ್ಚಿಟ್ಟ ಸೀಟುಗಳು

ಜೂನ್ 8, ಬೆಳಿಗ್ಗೆ

...ಸೀಟು ಒರೆಸಿದ್ದಾಯ್ತು. ಸ್ಟೇರಿಂಗೂ ಆಯ್ತು. ಮಾಸ್ಕಲ್ಲೇ ಫೋನಿಗೆ ರೆಕಾರ್ಡ್ ಮಾಡ್ತಿದೀನಿ, ದನಿ ಡಬ್ಬದೊಳಗಿಂದ ಬಂದಂಗಿರುತ್ತೆ. ಇರ್ಲಿ, ಕೇಳೋರ್ಯಾರು. ಕೊರೋನಾ ಅಂತ ಫ್ಯಾಕ್ಟರಿ ಬಸ್ಸಲ್ಲಿ ಒಂದು ಸಾಲು ಬಿಟ್ಟು ಒಂದು ಸಾಲು, ಎರಡು ಟ್ರಿಪ್ಪು — ಯೂನಿಯನ್ನೋರು ಗೇಟಲ್ಲಿ ಧರಣಿ ಕೂತು ಗಿಟ್ಟಿಸಿದ್ದು. ಖಾಲಿ ಸಾಲಿಗೆ ಟೇಪು ಹಚ್ಚಿದೀನಿ. ಮ್ಯಾನೇಜರಿಗೆ ಹೊಟ್ಟೆ ಉರಿ.

ಜೂನ್ 11, ಸಂಜೆ

ದೊಡ್ಡ ಆರ್ಡರ್ ಬಂತಂತೆ. ಎಲ್ಲರೂ ಒಟ್ಟಿಗೇ ಮಷಿನ್ ಮುಂದಿರಬೇಕಂತೆ. ಮ್ಯಾನೇಜರ್ ಟೇಪು ಕೀಳಿಸಿದ. ಫುಲ್ ಬಸ್ಸು, ಒಂದೇ ಟ್ರಿಪ್ಪು. ಯೂನಿಯನ್ ಲೀಡರ್ ಹತ್ರ ಓಡಿದೆ — ಅವನಿಗೆ ಮೈಕು ಅಂತೀವಿ. ಇವತ್ತು ಮೈಕಿಗೆ ಕರೆಂಟೇ ಇಲ್ಲ. ಬಸ್ಸಿನ ವಿಷಯ ಕೈಬಿಟ್ರೆ ಯಾರನ್ನೂ ಕೆಲಸದಿಂದ ತೆಗೆಯಲ್ಲ ಅಂತ ಮ್ಯಾನೇಜರ್ ಜೊತೆ ಮಾತಾಗಿದೆಯಂತೆ. ಅವನನ್ನ ಬೈಯೋಕೂ ಆಗಲ್ಲ... ಆದ್ರೂ.

ಜೂನ್ 21, ಭಾನುವಾರ

ಫುಲ್ ಬಸ್ಸು ಓಡಿಸೋಕೆ ಶುರುಮಾಡಿ ಹತ್ತು ದಿನ. ಪ್ಯಾಕಿಂಗ್ ಸೆಕ್ಷನ್ನಿನ ಮಾವ — ಎಲ್ಲರೂ ಹಂಗೇ ಕರೆಯೋದು, ಹಿಂದಿನ ಸೀಟಲ್ಲಿ ಕೂತು ಎಲ್ಲರ ಕಾಲೆಳೀತಿದ್ದೋರು — ಆಸ್ಪತ್ರೇಲಿ, ಆಕ್ಸಿಜನ್ ಮೇಲೆ. ಪಕ್ಕದಲ್ಲಿ ಕೂರ್ತಿದ್ದೋರೂ ಜ್ವರ ಬಂದು ಮಲಗಿದಾರೆ. ಅವರನ್ನೆಲ್ಲ ಒತ್ತೊತ್ತಾಗಿ ತುಂಬ್ಕೊಂಡು ಹೋಗಿದ್ದು ನಾನು.

ರಜೆ ದಿನ ಬಸ್ಸು ನಮ್ಮನೆ ಮುಂದೇನೇ ನಿಲ್ಲೋದು. ಸ್ಪ್ಯಾನರ್ ತಗೊಂಡೆ. ಒಂದು ಸಾಲು ಬಿಟ್ಟು ಒಂದು ಸಾಲು ಬಿಚ್ಚಿ ಮನೆಯೊಳಗೆ ಸಾಗಿಸ್ತಿದೀನಿ. ಹೆಂಡತಿ ಸೊಂಟಕ್ಕೆ ಕೈ ಇಟ್ಕೊಂಡು ನೋಡಿದ್ಲು. “ಮದುವೆಯಾದಾಗಿಂದ ಸೋಫಾ ಕೇಳ್ತಿದೀನಿ, ಈಗ ನೆನಪಾಯ್ತಾ?”

ಇದ್ದದ್ದು ಹೇಳಿದೆ. ನಾನು ಕಾಂಟ್ರಾಕ್ಟು, ಯೂನಿಯನ್ ಮೆಂಬರೂ ಅಲ್ಲ, ನಾಳೆ ಬರಬೇಡ ಅಂದ್ರೆ ಮುಗೀತು. ಅವಳು ಬಂದು ಸೀಟಿನ ಇನ್ನೊಂದು ತುದಿ ಹಿಡ್ಕೊಂಡ್ಲು.

ಜೂನ್ 22, ಬೆಳಿಗ್ಗೆ

ಫೋನ್ ಮುಂದೆ ಸಿಕ್ಕಿಸಿದೀನಿ. ಮೊದಲ ಟ್ರಿಪ್ಪು ಇಳಿಸಿ ವಾಪಸ್ ಹೊರಟಿದೀನಿ. ಬಸ್ಸು ಖಾಲಿ, ಅದಕ್ಕೇ ಗಡಗಡ.

ಆಗ ಸ್ಟಾಪಲ್ಲಿ, ಇದ್ದ ಸೀಟೆಲ್ಲ ತುಂಬಿದ ಮೇಲೆ ಮೈಕು ಮೆಟ್ಟಿಲು ಹತ್ತಿದ. ನೆಲದಲ್ಲಿ ಬೋಲ್ಟಿನ ತೂತು ನೋಡಿದ. ನನ್ನ ಮುಖ ನೋಡಿದ. ಇಳಿದು, ಹಿಂದಿದ್ದೋರಿಗೆ ಕೈ ಅಡ್ಡ ಹಿಡಿದ.

“ನೀನು ಹೊರಡಣ್ಣ. ನಾವು ಎರಡನೇ ಟ್ರಿಪ್ಪಿಗೆ ಬರ್ತೀವಿ.”

ಗೇಟಲ್ಲಿ ಮ್ಯಾನೇಜರ್. ಸೀಟೆಲ್ಲಿ ಅಂದ. ರಿಪೇರಿಗೆ ಹೋಗಿದೆ ಸಾರ್ ಅಂದೆ. ಉಳಿದೋರನ್ನ ನಿಲ್ಲಿಸ್ಕೊಂಡು ತರೋಕೇನಾಗಿತ್ತು ಅಂತ ರೇಗಿದ. ಕೀ ಕೊಡು ಅಂತ ಕೈ ಚಾಚಿದ.

“ಜನ ಕಾಯ್ತಿದಾರೆ ಸಾರ್. ಅವರನ್ನ ಕರ್ಕೊಂಡು ಬಂದು ಕೊಡ್ತೀನಿ.”

ಬಸ್ಸು ತಿರುಗಿಸಿಬಿಟ್ಟೆ. ಅಗೋ, ಸ್ಟಾಪು ಕಾಣ್ತಿದೆ. ಒಬ್ಬರೂ ಹೋಗಿಲ್ಲ. ದೂರದೂರ ನಿಂತಿದಾರೆ, ಮೂಲೆ ಅಂಗಡಿ ದಾಟಿ ಕ್ಯೂ. ಮೈಕು ಕೈ ಎತ್ತಿದ. ತಡಿ, ಮೊದಲು ಬಾಗಿಲು ತೆಗೀಬೇಕು—