ಗುರುವಾರದ ಫೋಟೋ

ಮಾರ್ಚ್ ೧೧, ಬೆಳಿಗ್ಗೆ

ಅಕ್ಕಾ,

ನಿನ್ನ ಮೂರು ಕಾಗದಗಳೂ ಬಂದಿವೆ. ಮೂರರಲ್ಲೂ "ಮಗು ಹೇಗಿದೆ" ಅಂತ ಕೇಳಿದ್ದೀಯ. ಅದಕ್ಕಷ್ಟೇ ಎರಡು ಸಾಲು ಬರೆದು ಮುಗಿಸೋಣ ಅಂತ ಕೂತೆ. ಆಗಲಿಲ್ಲ.

ಹತ್ತು ತಿಂಗಳ ಮಗಳನ್ನು ನಿನ್ನ ತೊಡೆಯ ಮೇಲೆ ಹಾಕಿ ನಿಶ್ಚಿಂತೆಯಿಂದ ಕೆಲಸಕ್ಕೆ ಹೋದವಳು ನಾನು. ಒಂದೂವರೆ ವರ್ಷದ ಚುಚ್ಚುಮದ್ದು ಹಾಕಿಸಲು ಹೋದ ದಿನ ಡಾಕ್ಟರಮ್ಮ ಅವಳ ಮುದ್ದಿನ ಹೆಸರು ಹಿಡಿದು "ಬಟಾಣಿ, ಬಟಾಣಿ" ಅಂತ ಹಿಂದಿನಿಂದ ಮೂರು ಸಲ ಕೂಗಿದರು. ಅವಳು ತಿರುಗಲಿಲ್ಲ. ಕಿವಿ ಪರೀಕ್ಷೆ ಮಾಡಿಸಿದೆವು, ಕಿವಿ ಚೆನ್ನಾಗೇ ಇತ್ತು. ತೂಕ ಆರು ತಿಂಗಳಿಂದ ನಿಂತಲ್ಲೇ ನಿಂತಿತ್ತು. ಹಗಲೆಲ್ಲ ಇವಳ ಜೊತೆ ಮಾತಾಡೋರು ಯಾರು ಅಂತ ಕೇಳಿದರು. ನಾನು ಜಂಬದಿಂದಲೇ ಹೇಳಿದೆ: "ನಮ್ಮಕ್ಕ. ನನ್ನನ್ನ ಸಾಕಿದವಳೂ ಅವಳೇ. ಗೋಡೆಯನ್ನಾದ್ರೂ ಮಾತಾಡಿಸ್ತಾಳೆ." ಅವರು ನಗಲಿಲ್ಲ. ಮಗು ಯಾವಾಗಿನಿಂದ ಹೀಗೆ ಮಂಕಾಗಿದೆ ನೋಡೋಣ, ಹಳೇ ಫೋಟೋ ಇದ್ದರೆ ತನ್ನಿ ಅಂದರು.

ಫೋಟೋಗಳಿಗೇನು ಕೊರತೆ. ದಿನಾ ಊಟದ ಹೊತ್ತಿಗೆ ಒಂದು ಕಳಿಸುತ್ತಿದ್ದೆ ನೀನು. ಅಚ್ಚುಕೂಟದಲ್ಲಿ ನನ್ನ ಜೊತೆ ಕರಡು ತಿದ್ದುವವರಿಗೆಲ್ಲ ಅದನ್ನು ತೋರಿಸಿದ ಮೇಲೇ ನಾನು ಊಟದ ಡಬ್ಬಿ ಬಿಚ್ಚುತ್ತಿದ್ದುದು. ಬೆಳಿಗ್ಗೆ ನಾನು ಹಾಕಿ ಕಳಿಸಿದ ಅಂಗಿ ಒಂದು, ಫೋಟೋದಲ್ಲಿ ಇನ್ನೊಂದು, ಸಂಜೆ ಮತ್ತೆ ಬೆಳಗಿನದೇ. ಕೇಳಿದರೆ, "ಗಂಜಿ ಚೆಲ್ಕೊಂಡ್ಲು ಕಣೆ, ಒಗೆದು ಒಣಗಿಸಿ ಅದನ್ನೇ ತೊಡಿಸ್ದೆ" ಅನ್ನುತ್ತಿದ್ದೆ ನೀನು. ಎಷ್ಟು ಮುತುವರ್ಜಿ ಅಂತ ನಾನು ಹಿಗ್ಗಿದ್ದೆ.

ಆ ಸಂಜೆ ಫೋಟೋಗಳನ್ನು ಒಂದೊಂದಾಗಿ ನೋಡುತ್ತ ಬಂದೆ. ಅವಳು ಬಿದ್ದು ಹಣೆಗೆ ಪಟ್ಟಿ ಹಾಕಿಸಿಕೊಂಡ ವಾರ ನೆನಪಿದೆಯಲ್ಲ? ಆ ಪಟ್ಟಿಯನ್ನು ಮಂಗಳವಾರ ಸ್ನಾನ ಮಾಡಿಸುವಾಗ ನಾನೇ ಕಿತ್ತು ಬಿಸಾಡಿದ್ದೆ. ಗುರುವಾರದ ಫೋಟೋದಲ್ಲಿ ಅದು ಹಣೆಯ ಮೇಲೇ ಇತ್ತು. ಶುಕ್ರವಾರದ್ದರಲ್ಲೂ ಇತ್ತು. ಒಂದೇ ದಿನ ಅಂಗಿಯ ಮೇಲೆ ಅಂಗಿ ಬದಲಿಸಿ, ವಾರಕ್ಕಾಗುವಷ್ಟು ತೆಗೆದಿಟ್ಟುಕೊಂಡಿದ್ದೆ ನೀನು.

ಮರುದಿನ ಎಂದಿನಂತೆ ಮಗುವನ್ನು ನಿನ್ನ ಹತ್ತಿರ ಬಿಟ್ಟು ಹೋದವಳು ಹನ್ನೊಂದಕ್ಕೇ ನಿನ್ನ ಮನೆಗೆ ವಾಪಸು ಬಂದೆ. ಬಾಗಿಲಿಗೆ ಹೊರಗಿನಿಂದ ಬೀಗ. ಪಕ್ಕದ ದರ್ಜಿ ಹೊಲಿಗೆ ನಿಲ್ಲಿಸದೆ, "ಅವರು ಹತ್ತಕ್ಕೆ ಹೋದ್ರೆ ಬರೋದು ಎರಡು ಗಂಟೆಗೆ" ಅಂದ. ಕಿಟಕಿಯಿಂದ ಇಣುಕಿದೆ. ಸುತ್ತ ಕಟಕಟೆಯಿರುವ ಪುಟ್ಟ ಮಂಚದಲ್ಲಿ ಬಟಾಣಿ ಕೂತಿದ್ದಳು. ಪಕ್ಕದಲ್ಲಿ ಖಾಲಿ ಹಾಲಿನ ಬಾಟಲಿ, ಎದುರಿಗೆ ಟಿವಿ. ಕೂಗಿದೆ. ನನ್ನತ್ತ ಒಮ್ಮೆ ನೋಡಿ ಮತ್ತೆ ಟಿವಿಗೆ ತಿರುಗಿದಳು. ಅವಳು ಅಳಲೂ ಇಲ್ಲ, ಅಕ್ಕ. ಅತ್ತರೂ ಯಾರೂ ಬರುವುದಿಲ್ಲ ಅನ್ನುವುದು ಆ ಕೂಸಿಗೆ ಗೊತ್ತಾಗಿಹೋಗಿತ್ತು.

ದರ್ಜಿ ಎಲ್ಲಿಂದಲೋ ಸುತ್ತಿಗೆ ತಂದುಕೊಟ್ಟ. ಬೀಗ ಒಡೆದೆ.

ಎರಡು ಗಂಟೆಗೆ ನೀನು ನೋಟ್ ಪುಸ್ತಕ ಹಿಡಿದುಕೊಂಡು ಬಂದೆ. ಪರೀಕ್ಷೆಗೆ ಕಟ್ಟಿದ್ದೀನಿ, ಎಂಟು ತಿಂಗಳಿಂದ ಕ್ಲಾಸಿಗೆ ಹೋಗ್ತಿದ್ದೀನಿ ಅಂದೆ. "ಅಮ್ಮ ತೀರಿಕೊಂಡಾಗ ನಿನಗೋಸ್ಕರ ಓದು ಬಿಟ್ಟೆ. ಈಗ ನಿನ್ನ ಮಗಳಿಗೋಸ್ಕರ ಇನ್ನೊಂದ್ಸಲ ಬಿಡ್ಲಾ?" ಅಂತ ಕೇಳಿದೆ. ಬಿಡು ಅಂತ ನಾನು ಹೇಳಲಾರೆ. ಆದರೆ ನನ್ನ ಕೈಲಾಗಲ್ಲ ಕಣೆ ಅಂತ ನೀನು ಒಂದು ಮಾತು ಹೇಳಬಹುದಿತ್ತಲ್ಲ. ನಾನು ಬೇರೆ ದಾರಿ ನೋಡಿಕೊಳ್ಳುತ್ತಿದ್ದೆ. ನೀನು ಹೂಂ ಅಂದೆ, ಬೀಗ ಹಾಕಿದೆ, ಫೋಟೋ ಕಳಿಸಿದೆ. ಬೇರೆ ಯಾರಾದರೂ ಆಗಿದ್ದರೆ ಬೈದು ಮರೆಯುತ್ತಿದ್ದೆ. ನನಗೆ ಮಾತು ಕಲಿಸಿದವಳೇ ನೀನು. ನನಗೇನೂ ಗೊತ್ತಿರಲಿಲ್ಲ ಅಂತ ಡಾಕ್ಟರಮ್ಮನ ಮುಂದೆ ಕೂತು ಅತ್ತೆ.

ಮಗು ಹೇಗಿದೆ ಅಂತ ಕೇಳಿದ್ದೀಯ. ಬೆಳಿಗ್ಗೆ ಶಿಶುವಿಹಾರಕ್ಕೆ ಬಿಡುತ್ತೇನೆ. ಅಲ್ಲಿನ ಆಯಾ ಚಮಚ ಕೊಟ್ಟರೂ ಇದು ಚಮಚ ಅಂತ ಹೇಳಿಯೇ ಕೊಡುತ್ತಾಳೆ. ಮಧ್ಯಾಹ್ನದಿಂದ ನಾನು ಜೊತೆಗಿರುತ್ತೇನೆ, ಅರ್ಧ ದಿನದ ಕೆಲಸಕ್ಕೆ ಅಚ್ಚುಕೂಟದವರನ್ನು ಒಪ್ಪಿಸಿದ್ದೇನೆ. ಮಿದುಳು ಬೆಳೆಯುವ ಕಾಲವೇ ಇದು, ಮಗು ಒಂದು ಸದ್ದು ಮಾಡಿದರೆ ಎದುರಿಗಿರುವವರೂ ಒಂದು ಸದ್ದು ಮಾಡಬೇಕು, ಟಿವಿ ಅದನ್ನು ಮಾಡಲ್ಲ ಅಂದರು ಡಾಕ್ಟರಮ್ಮ. ಬಹಳಷ್ಟು ಮರಳಿ ಬರುತ್ತದಂತೆ, ಎಲ್ಲವೂ ಬರುತ್ತದೆಯೇ ಅಂತ ಈಗಲೇ ಹೇಳಲಾಗದಂತೆ. ತೂಕ ಏರುತ್ತಿದೆ. ಹೋದ ವಾರ ಬಕೆಟ್ಟಿನ ನೀರು ಬಡಿಯುತ್ತ "ಬಾ" ಅಂದಳು. ಯಾರನ್ನು ಕರೆದಳೋ ಗೊತ್ತಿಲ್ಲ, ನಾನು ಓಡಿಹೋದೆ.

ಪರೀಕ್ಷೆ ಚೆನ್ನಾಗಿ ಬರಿ. ಮನೆಗೆ ಮಾತ್ರ ಸದ್ಯಕ್ಕೆ ಬರಬೇಡ.

ನೀನು ಸಾಕಿದ
ತಂಗಿ

ತಾ.ಕ.: ಗೊತ್ತಿರಲಿಲ್ಲ ಅಂತ ಮೇಲೆ ಬರೆದದ್ದು ಪೂರ್ತಿ ನಿಜವಲ್ಲ. ಬೀಗ ಒಡೆಯುವುದಕ್ಕೂ ಎರಡು ತಿಂಗಳು ಮೊದಲು ಒಂದು ಮಧ್ಯಾಹ್ನ, ಮರೆತಿದ್ದ ಔಷಧಿ ಕೊಡಲು ನಿನ್ನ ಮನೆಗೆ ಬಂದಿದ್ದೆ. ಬೀಗ ಹಾಕಿತ್ತು, ಒಳಗೆ ಟಿವಿ ಕೇಳಿಸುತ್ತಿತ್ತು. ಮಗುವನ್ನು ಎತ್ತಿಕೊಂಡು ಎಲ್ಲೋ ಹೋಗಿದ್ದೀಯ, ಟಿವಿ ಆರಿಸಲು ಮರೆತಿದ್ದೀಯ ಅಂದುಕೊಂಡೆ. ಹಾಗಂದುಕೊಳ್ಳುವುದು ಸುಲಭವಾಗಿತ್ತು. ಕಿಟಕಿ ನಾಲ್ಕೇ ಹೆಜ್ಜೆ ದೂರದಲ್ಲಿತ್ತು. ಕೆಲಸಕ್ಕೆ ಹೊತ್ತಾಗುತ್ತಿತ್ತು, ಹೊರಟುಬಿಟ್ಟೆ. ಇದನ್ನು ನಿನಗೆ ಬಿಟ್ಟು ಇನ್ಯಾರಿಗೂ ಹೇಳಲಾರೆ.